ಗಾಳಿ ಗುದ್ದುವ ಲೆಕ್ಕ

ವಾರಕ್ಕೊಂದು ಹಾಳೆ. ಅಷ್ಟೇ.
ಬ್ರೆಡ್ಡಿನಂಗಡಿಯ ಗಾಜಿಗೆ, ಒಳಗಡೆಯಿಂದ ಅಂಟಿಸಬೇಕು.
ಹೊರಗಡೆ ಅಂಟಿಸಿದ್ದು ಈ ಊರಲ್ಲಿ
ಸಂಜೆಯೊಳಗೆ ಜಲಸಂಧಿ ದಾಟಿರುತ್ತದೆ.
ಗಾಳಿ ಕೆರಳಿದ ದಿನ ಪುಂತಾ ಅರೇನಾಸಿನ ಬೀದಿಮೂಲೆಗಳಲ್ಲಿ
ಹಗ್ಗ ಕಟ್ಟುತ್ತಾರೆ, ಜನ ಹಿಡಿದುಕೊಂಡು ನಡೆಯಲಿ ಎಂದು.
ಹಾಳೆಗೆ ಕೈಯಿಲ್ಲ.

ಬರೆಯುವುದೇನು? ಒಲೆಯ ಸಂಗತಿ.
ಮೂವತ್ತೆಂಟು ವರ್ಷ ಎರಕದ ಒಲೆಗಳ ಹೊಟ್ಟೆಯೊಳಗೆ
ತಲೆ ತೂರಿಸಿ ಬದುಕಿದವಳು ನಾನು, ಎದುವೀನಾ ಬಾರ್ರಿಯಾ.
ಪಡುವಣ ಗಾಳಿಗೆ ಯಾವ ಕೊಳವೆ ಕೆಮ್ಮುತ್ತದೆ,
ಹಸಿ ಸೌದೆ ಹೇಗೆ ಕೊಳವೆಯೊಳಗೆ ಅಂಟುಮಸಿ ಕಾರುತ್ತದೆ,
ಬೂದಿಯ ಬಣ್ಣ ನೋಡಿ
ಆ ಮನೆಯಲ್ಲಿ ರಾತ್ರಿ ಯಾರೂ ಮಲಗಲಿಲ್ಲವೆಂದು
ಹೇಗೆ ತಿಳಿಯುತ್ತದೆ
(ಇದನ್ನು ಬರೆಯಲಾರೆ. ಎಲ್ಲರೂ ಗುರುತಿನವರು.)

ಕೂತು ಲೆಕ್ಕ ಹಾಕಿದೆ, ಸೌದೆ ಬಿಲ್ಲಿನ ಬೆನ್ನ ಮೇಲೆ.
ಖರ್ಚು:
ಭಾನುವಾರದ ಮೂರು ಗಂಟೆ. ಹೊಸ ಕನ್ನಡಕ.
ಅಂಟು, ನಕಲಿಗೆ ಬಿಡಿಕಾಸು.
ಕಾಗುಣಿತ ತಪ್ಪಿದರೆ ನಿವೃತ್ತ ಟೀಚರ್ ಓರ್ಫಿಲಿಯಾಳ ಹುಬ್ಬು.
ಒಂದು ವಾರ ತಪ್ಪಿಸಿದರೆ ಆಗುವ ನಾಚಿಕೆ,
ಎರಡು ವಾರ ತಪ್ಪಿಸಿದರೆ ಆಗದಿರುವ ನಾಚಿಕೆ.
ಜಮಾ:
ಪೆನ್ನು ಅಲ್ಲೇ ನಿಂತಿತು.
ಕೆಟಲು ಕೂಗಿತು, ಎದ್ದೆ.

ಅಕ್ಕ ನೋಲ್ಫಾ ಕೇಳಿದಳು, "ಯಾರೇ ಓದೋದು?
ಕಂಕುಳಲ್ಲಿ ಬಿಸಿ ಬ್ರೆಡ್ಡು ಇಟ್ಟುಕೊಂಡು
ನಿನ್ನ ಹೊಗೆಕೊಳವೆ ಪುರಾಣಕ್ಕೆ ನಿಲ್ಲುವವರು ಯಾರು?"
ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುವುದು ಅನ್ನುತ್ತಾರಲ್ಲ,
ನಮ್ಮೂರಲ್ಲಿ ಗಾಳಿಯೇ ಮೊದಲು ಗುದ್ದುವುದು,
ತಿರುಗಿ ಒಂದು ಕೊಟ್ಟರೆ ತಪ್ಪೇನು ಎಂದೆ.
ಅವಳು ನಗಲಿಲ್ಲ. ಬಟ್ಟಲು ತೊಳೆದಿಟ್ಟಳು.

ಅವಳ ಮೊಮ್ಮಗ ಯೆರ್ಕೋ ಹೇಳಿದ,
"ಮೊದಲು ಹತ್ತು ಬರೆದಿಟ್ಟುಕೊ ಅಜ್ಜಿ,
ಆಮೇಲೆ ಒಂದನ್ನು ಅಂಟಿಸು.
ಹತ್ತಕ್ಕೆ ಮುಂಚೆ ಬತ್ತಿಹೋದರೆ
ಯಾರಿಗೂ ಗೊತ್ತಾಗೋದಿಲ್ಲ."
ಜಾಣ. ಹತ್ತೊಂಬತ್ತಕ್ಕೇ
ಬತ್ತುವುದರ ವಿಚಾರ ಅವನಿಗೆ ಹೇಗೆ ತಿಳಿಯಿತೋ.

ನಾಲ್ಕು ಬರೆದೆ. ಮೂರನ್ನು ಒಲೆಗೆ ಹಾಕಿದೆ.
ಚೆನ್ನಾಗಿ ಉರಿದವು, ಅಷ್ಟು ಒಣ ಬರವಣಿಗೆ.
ನಾಲ್ಕನೆಯದರಲ್ಲಿ ನೋಲ್ಫಾ ಮೀನು ಸುತ್ತಿದಳು.

ಗುರುವಾರ ಪೋರ್ವೆನೀರಿನಿಂದ ದೋಣಿಯಲ್ಲಿ ಒಂದು ಒಲೆ ಬಂತು,
ಅಜ್ಜನ ಕಾಲದ್ದು, ಎಡ ಬಾಗಿಲು ಬಿಗಿದಿತ್ತು.
ಹಿಂಬದಿ ತಗಡು ಬಿಚ್ಚಿದೆ. ಒಳಮೈಯಲ್ಲಿ,
ಮೊಳೆಯಿಂದ ಗೀಚಿದ ಓರೆಕೋರೆ ಅಕ್ಷರ:
ಎಡ ಬಾಗಿಲು ಕಚ್ಚಿಕೊಂಡರೆ ಎಳೆಯಬೇಡ.
ಕೆಳಗಿನಿಂದ ತಟ್ಟು. ಜೂನ್, ೧೯೬೧.
ಹೆಸರಿಲ್ಲ.
ತಗಡಿನ ಬೆನ್ನಿಗೆ, ಗೋಡೆಯ ಕಡೆ ಮುಖ ಮಾಡಿ,
ಯಾರು ಓದುತ್ತಾರೆಂದು ಬರೆದನೋ ಪುಣ್ಯಾತ್ಮ.

ತಟ್ಟಿದೆ. ಮತ್ತೆ ತಟ್ಟಿದೆ.
ಬಾಗಿಲು ಜಪ್ಪಯ್ಯ ಅನ್ನಲಿಲ್ಲ.
ಕೆಳಗಿನಿಂದಲ್ಲ ಮಾರಾಯ, ಮೇಲಿನ ತಿರುಗಣಿಯ ಹತ್ತಿರ!
ಅದೂ ತಣ್ಣಗಿರುವಾಗಲ್ಲ, ಕಬ್ಬಿಣ ಒಂದಿಷ್ಟು ಬೆಚ್ಚಗಾದ ಮೇಲೆ,
ಮರದ ಸುತ್ತಿಗೆಯಲ್ಲಿ, ಮೆಲ್ಲಗೆ,
ಮಗುವಿನ ಬೆನ್ನು ತಟ್ಟಿದ ಹಾಗೆ!
ಅಷ್ಟು ವರ್ಷಗಳ ಹಿಂದಿನವನ ಮೇಲೆ
ಗಂಟಲು ಹರಿಯುವಂತೆ ರೇಗುತ್ತಿದ್ದೆ.
ಬೆಕ್ಕು ಎದ್ದು ಹೊರಗೆ ಹೋಯಿತು.

ಆಮೇಲೆ ಮೊಳೆ ಹುಡುಕಿದೆ.
ಅವನ ಸಾಲಿನ ಕೆಳಗೆ ಸ್ವಲ್ಪವೇ ಜಾಗ.
ಗೀಚಿದೆ: ತಪ್ಪು.
ಯಾಕೆ ತಪ್ಪೆಂದು ಹೇಳಲು ತಗಡು ಸಾಲದೆ
ಸೌದೆ ಬಿಲ್ಲನ್ನು ಎಳೆದುಕೊಂಡೆ.
ಜಮಾ ಎಂಬುದರ ಮುಂದೆ ಖಾಲಿ ಬಿದ್ದಿತ್ತಲ್ಲ,
ಅಲ್ಲಿಂದ ಶುರುಮಾಡಿ ಅಂಚಿನ ತನಕ,
ಅಂಚು ತಿರುಗಿ ಮೇಲೆ, ಖರ್ಚಿನ ಸಾಲುಗಳ ಸಂದಿಯಲ್ಲಿ.
ಊಟ ಆರಿತ್ತು.

ಶನಿವಾರ ಬ್ರೆಡ್ಡಿನವನನ್ನು ಕೇಳಿದೆ,
ಗಾಜಿನ ಯಾವ ಮೂಲೆ ಖಾಲಿ ಎಂದು.
ಕಳೆದುಹೋದ ನಾಯಿಯ ಚಿತ್ರದ ಪಕ್ಕ ತೋರಿಸಿದ.
ಎರಡು ವಾರ ಇರಲಿ, ನೋಡೋಣ ಅಂದ.
ನೋಡೋಣ, ನಾನೂ ಅಂದೆ.