‘ಯ’ಕಾರಕ್ಕೆ ಜಾಗವಿಲ್ಲ

ತೊರವಿ ರಸ್ತೆಯ ಕೋಲ್ಡ್ ಸ್ಟೋರೇಜು. ಹೊರಗೆ ಏಪ್ರಿಲ್,
ಒಳಗೆ ಒಣದ್ರಾಕ್ಷಿ ಪೆಟ್ಟಿಗೆಗಳಿಗೆ ನಾಲ್ಕೇ ಡಿಗ್ರಿ.
ನನಗೆ ಮಾತ್ರ ಕಾಟಾದ ಪಕ್ಕದ ತಗಡಿನ ಖೋಲಿ,
ಒಂದು ಸ್ಟೂಲು, ಹಲ್ಲು ಕಡಿಯುವ ಪ್ರಿಂಟರು.

“ಊರಿನ ಹೆಸರ ಬದಲಾಗಿ ಎಷ್ಟ ವರ್ಷಾತು,
ಚೀಟಿ ಮ್ಯಾಲ ಇನ್ನೂ ಬಿಜಾಪುರ ಅಂತ ಬರ್ತೈತಿ,”
ಅಂದರು ಹಂಜಗಿ ಸಾವುಕಾರರು. “ಒಂದ ಶಬ್ದ. ತಿದ್ದಿಬಿಡು.”

ತಿದ್ದಬಹುದಿತ್ತು, ಬರೆದವರು ಇದ್ದಿದ್ದರೆ.
ಇಮಾಮಹುಸೇನ ಮಾಸ್ತರು ಒಬ್ಬರೇ ಕೂತು ಕಟ್ಟಿದ ಪ್ರೋಗ್ರಾಮು,
ಚೌಕಳಿ ಹಾಳೆಯಲ್ಲಿ ಚುಕ್ಕೆ ಇಟ್ಟಿಟ್ಟು ತಾವೇ ಕೆತ್ತಿದ ಅಕ್ಷರ;
ಮೂಲಪ್ರತಿ ಯಾವ ಫ್ಲಾಪಿಯಲ್ಲೋ, ಆ ಫ್ಲಾಪಿ ಯಾವ ಗೆದ್ದಲಿಗೋ.
ಉಳಿದದ್ದು ಈ ಫೈಲು:
ಹೊಲಿಗೆ ಬಿಚ್ಚಲಾರದ ಕೌದಿ.

ತೆರೆದೆ. ಅಂಕಿಗಳ ಮುಳ್ಳುಕಂಟಿ.
ನಮ್ಮ ಈಗಿನ ಕನ್ನಡ ಇಲ್ಲಿ ಯಾರಿಗೂ ಗುರುತಿಲ್ಲ.
ಇಲ್ಲಿ ‘ಎ ಒಂಬತ್ತು’ ಅಂದರೆ ಬಿ.
‘ಪು’ ಅಂದರೆ ಒಡಲು ಬೇರೆ, ತಲೆಕಟ್ಟು ಬೇರೆ, ಕೊಂಬು ಬೇರೆ,
ಮೂರು ಹಮಾಲರು ಸೇರಿ ಒಂದು ಮೂಟೆ ಎತ್ತಿದ ಹಾಗೆ.
ಹಳೆಯ ಚೀಟಿಯೊಂದನ್ನು ಎದುರಿಟ್ಟು, ಬೆರಳು ಮಡಚಿ ಮಡಚಿ
ಸಂಜೆ ಹೊತ್ತಿಗೆ ಓದಿದೆ: ಬಿ ಜಾ ಪು ರ. ಎಂಟು ಕೋಣೆ.
ಆಮೇಲೊಂದು ಸೊನ್ನೆ. ಗೋಡೆ.

ವಿಜಯಪುರಕ್ಕೆ ಹನ್ನೊಂದು ಬೇಕು.
‘ಯ’ ಒಂದೇ ನಾಲ್ಕು ಕೋಣೆ ಕೇಳುತ್ತದೆ, ಬೀಗರ ಹಾಗೆ.

ಗೋಡೆಯಾಚೆ ಯಾರಿದ್ದಾರೆಂದು ಇಣುಕಿದೆ.
ಎಂದೂ ಅಚ್ಚಾಗದ ಒಂದು ಸಾಲು:
‘ಇಲ್ಲಿಗೆ ಬರಬಾರದು. ಬಂದರೆ ಇಮಾಮನಿಗೆ ತಿಳಿಸಿ’,
ಕೊನೆಗೆ ಐದಂಕಿಯ ಫೋನ್ ನಂಬರು.
ಮೂರು ಕೋಣೆ ಕಸಿದರೆ
ಸರಿಯಾಗಿ ಆ ‘ಇಲ್ಲಿ’ ಹೋಗುತ್ತದೆ.

ಕೈ ಹಿಂದೆ ತೆಗೆದೆ. ಚಹಾ ಆರಿತು.
ಒಂಬತ್ತನ್ನು ಅಳಿಸಿ ಇಂಗ್ಲಿಷಿನ ಬಿ ಇಟ್ಟೆ, ಅಷ್ಟೇ;
ಬಿ ಇಟ್ಟರೆ ಕನ್ನಡದ ಬಿ ಹೋಗಿ ವಿ ಆಗುತ್ತದೆ,
ಇದು ಮಾಸ್ತರ ವರ್ಣಮಾಲೆ.

ಪ್ರಿಂಟರು ಹಲ್ಲು ಕಡಿದು ಉಗುಳಿತು: ವಿಜಾಪುರ.
ಸಾವುಕಾರರು ಚೀಟಿಯನ್ನು ಬೆಳಕಿಗೆ ಹಿಡಿದರು.
“ಬೋರ್ಡಿನ್ಯಾಗ ಹಿಂಗಿಲ್ಲಲ್ಲ...” ತಡೆದು,
“ನಮ್ಮ ಆಯಿ ಹಿಂಗ ಅಂತಿದ್ದಳು.” ಮತ್ತೆ ತಡೆದು,
“ಒಂದ ಅಕ್ಷರಕ್ಕ ಎಂಟ್ನೂರು?”

“ಅರ್ಧ ಅಕ್ಷರಕ್ಕರೀ,” ಅಂದೆ.

ಬ್ಯಾಗು ಮುಚ್ಚುವ ಮೊದಲು ಆ ನಂಬರು ಒತ್ತಿದೆ.
ಐದೇ ಅಂಕಿ.
ಉಳಿದ ಅಂಕಿಗಳಿಗಾಗಿ ಫೋನು
ಕಾಯುತ್ತಲೇ ಇತ್ತು.