ಒತ್ತಿಗೆ ಆರು ಪಿಕ್ಸೆಲ್

ವಿರಾಜಪೇಟೆಯ ಗಡಿಯಾರ ಕಂಬದ ಹಿಂದಿನ ಸಂದಿಯಲ್ಲಿ
ಕೆಳಗೆ ಎರ್ಮುಕಾಕನ ಹೊಲಿಗೆ ಮಿಷನ್ನು,
ಮೇಲೆ ನಾನು, ನನ್ನ ಹಳೇ ಲ್ಯಾಪ್‌ಟಾಪು.
ನಡುವೆ ಒಂದು ಹಲಗೆ. ಅವರು ಪೆಡಲು ತುಳಿದರೆ
ನನ್ನ ಚಹಾದ ಲೋಟದಲ್ಲಿ ಅಲೆ.

ಅವರು ಕುಪ್ಯ ಹೊಲಿಯುತ್ತಾರೆ, ಮದುವೆ ಕಾಲಕ್ಕೆ.
ನಾನು ಪುಟ ಹೊಲಿಯುತ್ತೇನೆ, ಯಾವ ಕಾಲಕ್ಕಾದರೂ:
ಹೋಂಸ್ಟೇ, ಜೇನು, ಕಾಳುಮೆಣಸು, ನಾಯಿಮರಿ,
ಒಮ್ಮೆ ಒಬ್ಬ ಹಲ್ಲಿನ ಡಾಕ್ಟರು.

ಬಹುಪಾಲು ತೇಪೆಯ ಕೆಲಸವೇ.
ನಡುವಿಗೆ ನಿಲ್ಲದ ಚಿತ್ರದ ಎಡಕ್ಕೂ ಬಲಕ್ಕೂ
ಉಳಿದ ಜಾಗ ನೀವೇ ಹಂಚಿಕೊಳ್ಳಿ ಎಂದುಬಿಟ್ಟರೆ
ಸರಿಸಮ ಹಂಚಿಕೊಳ್ಳುತ್ತವೆ, ಚಿತ್ರ ನಡುವಿಗೆ ಬರುತ್ತದೆ.
ಜಗಳವಿಲ್ಲದ ಪಾಲುಪಟ್ಟಿ
ನಾನು ಕಂಡದ್ದು ಅಲ್ಲೊಂದೇ.

ಒಂದರ ಮೇಲೊಂದು ಬೀಳುವ ಪೆಟ್ಟಿಗೆಗಳಿಗೆ
ಎತ್ತರದ ಅಂಕಿ ಕೊಡಬೇಕು: ಹತ್ತು, ನೂರು,
ಸಿಟ್ಟು ಬಂದ ದಿನ
ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು.
ಆದರೂ ಮೆನು ಹೋಗಿ ಚಿತ್ರದ ಅಡಿಗೇ ಮಲಗುತ್ತದೆ.
ಎಷ್ಟು ದೊಡ್ಡ ಅಂಕಿ ಎಂದು ಯಾರೂ ಕೇಳುವುದಿಲ್ಲ,
ಯಾರ ಮನೆಯೊಳಗೆ ನಿಂತಿದ್ದೀಯ ಎಂದು ಕೇಳುತ್ತಾರೆ.
ಇಷ್ಟು ತಿಳಿಯಲು ನನಗೆ ಒಂದಿಡೀ ಮಳೆಗಾಲ ಹಿಡಿಯಿತು.

ನಾನೇ ಮುಖ್ಯ! ಎಂದು ಬೊಬ್ಬೆ ಹಾಕಿದ ಸಾಲು
ಮೊದಲ ದಿನ ಗೆಲ್ಲುತ್ತದೆ.
ತಿಂಗಳ ಕೊನೆಗೆ ಎಲ್ಲ ಸಾಲೂ ಬೊಬ್ಬೆ ಹಾಕುತ್ತಿರುತ್ತವೆ,
ಗೋಣಿಕೊಪ್ಪದ ಸಂತೆಯಲ್ಲಿ ಮೀನಿನವರ ಹಾಗೆ,
ಬೆಲೆ ಮಾತ್ರ ಯಾರಿಗೂ ಕೇಳಿಸುವುದಿಲ್ಲ.

ಆ ಬುಧವಾರ ಬಿಟ್ಟಂಗಾಲದ ಚೋಂದವ್ವ ಏಣಿ ಹತ್ತಿ ಬಂದರು.
ಕಾಚಂಪುಳಿ ಬಾಟಲಿ ಮೇಜಿನ ಮೇಲಿಟ್ಟು,
ಕನ್ನಡಕ ಮೂಗಿನ ತುದಿಗೆ ಜಾರಿಸಿ,
ಫೋನು ನನ್ನ ಮುಖಕ್ಕೇ ಹಿಡಿದು ಕೇಳಿದರು:
"ಇದು ಯಾರು, ಚೋಂದವ?"

ನೋಡಿದೆ. ಹಸಿರು ಪಟ್ಟಿಯೊಳಗೆ ದಪ್ಪಕ್ಷರ.
ಪಟ್ಟಿಯ ಎತ್ತರ ಹಿಂದೆ ಯಾವುದೋ ಹೋಂಸ್ಟೇಗೆ,
ಅದರ ಇಂಗ್ಲಿಷ್ ಹೆಸರಿಗೆ ತೆಗೆದ ಅಳತೆ.
ಹೆಚ್ಚಾದುದನ್ನು ಕತ್ತರಿಸು ಎಂದು ನಾನೇ ಬರೆದಿದ್ದೆ,
ಅದು ನಿಷ್ಠೆಯಿಂದ ಕತ್ತರಿಸಿತ್ತು.
ವಕಾರದ ಕೆಳಗಿನ ವಕಾರ ಮಾಯ,
ಅವ್ವನ ಕಾಲು ಹೋಗಿ ಬರಿಯ ಅವ.

"ಮೂವತ್ತಮೂರು ವರ್ಷ ಒತ್ತಕ್ಷರ ಕಲಿಸಿದವಳು.
ಬಿಟ್ಟ ಮಕ್ಕಳ ಕಿವಿ ಹಿಂಡಿದ್ದೇನೆ.
ನಿನ್ನದನ್ನು ಹಿಂಡಲು ಕೈಯಲ್ಲಿ ಕಸುವಿಲ್ಲ, ಬದುಕಿಕೋ."

ಅಕ್ಷರ ಸಣ್ಣ ಮಾಡಿದೆ: ಔಷಧದ ಚೀಟಿಯಾಯಿತು.
ಬಿಡಿಸಿ ಬಿಡಿಸಿ ಕೂರಿಸಿದೆ: ಅವರ ಹಳೇ ಫೋನಿನಲ್ಲಿ
ಕೊಂಬು ಒಂದು ಕಡೆ, ಸೊನ್ನೆ ಇನ್ನೊಂದು ಕಡೆ.
ಎರಡು ಪಿಕ್ಸೆಲ್ ಮೇಲಕ್ಕೆ ಎಳೆದೆ:
ಒತ್ತು ಉಳಿಯಿತು, ತಲೆಕಟ್ಟು ಬೋಳಾಯಿತು.

ಕರೆಂಟು ಹೋಯಿತು.
ಕೆಳಗಿನ ಮಿಷನ್ನು ನಿಲ್ಲಲಿಲ್ಲ.
ಇಳಿದು ಹೋದೆ, ಸುಮ್ಮನೆ, ಮುಖ ತಪ್ಪಿಸಲು.

ಎರ್ಮುಕಾಕ ಕರೀ ಕುಪ್ಯವನ್ನು ಒಳಮೈ ಹೊರಗಾಗಿ ಹರಡಿದ್ದರು.
ಹೊಲಿಗೆಯಾಚೆ ಎರಡು ಬೆರಳಗಲ ಬಟ್ಟೆ,
ಮಡಚಿ, ಕಾಣದ ಹಾಗೆ.
"ಮದುಮಗ ಇವತ್ತಿನ ಅಳತೆ ಕೊಡುತ್ತಾನೆ, ಮೋಳೇ.
ಮದುವೆಯಾದಮೇಲಿನ ಹೊಟ್ಟೆಗೆ ನಾನು ಬಿಡಬೇಕು."

ಮೇಲೆ ಬಂದೆ. ಬ್ಯಾಟರಿ ಶೇಕಡಾ ಹನ್ನೊಂದು.
ಎತ್ತರದ ಅಂಕಿಯನ್ನೇ ಅಳಿಸಿದೆ,
ಬೆಳೆದಷ್ಟು ಬೆಳೆ ಎಂದೆ ಪಟ್ಟಿಗೆ.
ಸಾಲಿಗೆ ಒಂದೂಮುಕ್ಕಾಲು ಪಟ್ಟು ಉಸಿರು,
ಬುಡದಲ್ಲಿ ಆರು ಪಿಕ್ಸೆಲ್ ಒಳಮಡಿಕೆ.
ಒತ್ತು ಇಳಿದು ಬಂತು,
ಎತ್ತರದ ಬೆಂಚಿನಲ್ಲಿ ಕೂತ ಮಗು
ಕಾಲು ಇಳಿಬಿಟ್ಟ ಹಾಗೆ.

ಚೋಂದವ್ವ ಮೂರು ಸಲ ಓದಿದರು, ಗಟ್ಟಿಯಾಗಿ.
ಆಮೇಲೆ ಇನ್ನೂರು ರೂಪಾಯಿ ಕಡಿಮೆ ಕೊಟ್ಟರು,
ಬಾಟಲಿಯ ಲೆಕ್ಕ ಹಿಡಿದು.

ಆ ಪುಟದಲ್ಲಿ ಇನ್ನೂ ಒಂದು ಖಾಲಿ ಪೆಟ್ಟಿಗೆ ಇದೆ.
ಬಣ್ಣವಿಲ್ಲ, ಎತ್ತರವಿಲ್ಲ, ಒಳಗೆ ಏನೂ ಇಲ್ಲ.
ತೆಗೆದರೆ ದರಪಟ್ಟಿ ಜಾರಿ ಪುಟದಿಂದಾಚೆ ಬೀಳುತ್ತದೆ.
ಅದರ ನೆತ್ತಿಯ ಮೇಲೆ, ಮುಂದೆ ಬರುವವರಿಗೆಂದು ಬರೆದಿಟ್ಟಿದ್ದೇನೆ:
ಮುಟ್ಟಬೇಡಿ. ಯಾಕೆಂದು ನನಗೂ ಗೊತ್ತಿಲ್ಲ.

ಕೆಳಗೆ ಎರ್ಮುಕಾಕನ ಮಿಷನ್ನಿನ ಒಂದು ಕಾಲಿನಡಿ
ನಾಲ್ಕಾಗಿ ಮಡಚಿದ ರಟ್ಟು,
ಎಣ್ಣೆ ಕುಡಿದು ಕಪ್ಪಾದದ್ದು.
ಅವರ ಬಾಪ್ಪ ಇಟ್ಟದ್ದಂತೆ.