ಕೊಂಬು

ಗದಗಿನಲ್ಲಿ ನನ್ನ ಹೆಸರು ಹಿತ್ತಾಳೆಯಲ್ಲಿತ್ತು:
ಇಂದುಮತಿ ಸಂ. ಹೊಸಕೇರಿ, ಮುಖ್ಯೋಪಾಧ್ಯಾಯಿನಿ.
ಪ್ರತಿ ಸೋಮವಾರ ಜವಾನ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ.
ನಾನು ವರಾಂಡಕ್ಕೆ ಕಾಲಿಟ್ಟರೆ
ಆರುನೂರು ಹುಡುಗಿಯರ ಗದ್ದಲ
ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ
ಕೂತುಬಿಡುತ್ತಿತ್ತು.

ಇಲ್ಲಿ, ಹ್ಯಾಲಿಫ್ಯಾಕ್ಸಿನಲ್ಲಿ,
ತಂಗಿ ಚಂಪಾಳ ಮನೆಯ ಹಿಂದಿನ ಇಳಿಜಾರಲ್ಲಿ
ಮೊಣಕಾಲು ಮುಟ್ಟುವ ಹಳದಿ ಕೋಟು ತೊಟ್ಟು
ಶಾಲೆಯ ಮಕ್ಕಳನ್ನು ರಸ್ತೆ ದಾಟಿಸುತ್ತೇನೆ.
ಕೈಯಲ್ಲೊಂದು ಕೋಲು, ತುದಿಗೆ ದುಂಡನೆಯ ತಟ್ಟೆ,
ಅದರ ಮೇಲೆ ನಿಲ್ಲು ಎಂಬ ಒಂದೇ ಮಾತು.
ಅದಕ್ಕೆ ಲಾಲಿಪಾಪ್ ಅನ್ನುತ್ತಾರೆ.
ನನಗೆ ಲವ್ ಅನ್ನುತ್ತಾರೆ,
ಮೀನಂಗಡಿಯವನೂ, ಪೋಸ್ಟಿನವಳೂ. ಥ್ಯಾಂಕ್ಯೂ, ಲವ್.
ಗದಗಿನಲ್ಲಿ ಗಂಡನೂ ಅಂದಿರಲಿಲ್ಲ.

ಮೊದಲ ವಾರದ ಡೈರಿ:
ನಾನು ಇಂದು ಹನ್ನೊಂದು ಕಾರು ನಿಲ್ಲಿಸಿದೆ.
ನಾನು ಬಸ್ಸು ನಿಲ್ಲಿಸಿದೆ.
ನಾನು ಹೆಣದ ಗಾಡಿಯನ್ನೂ ನಿಲ್ಲಿಸಿದೆ; ಸತ್ತವರೂ ಕಾದರು.
ಸುಳ್ಳೇಕೆ ಹೇಳಲಿ, ಆ ರಾತ್ರಿ ಒಳ್ಳೆಯ ನಿದ್ದೆ.

ಅಕ್ಟೋಬರ್ ರಜೆಯಲ್ಲಿ ಒಂದು ದಿನ
ಹಾಲು ತರಲು ಹೊರಟೆ. ಕಂದು ಸ್ವೆಟರು, ಬರಿಗೈ.
ಅದೇ ರಸ್ತೆ, ಅದೇ ತಿರುವು.
ಒಬ್ಬರೂ ನಿಲ್ಲಲಿಲ್ಲ.
ಕೆಂಪು ಕಾರೊಂದು ಹೊಂಡದ ನೀರನ್ನೆಲ್ಲ ಸೀರೆಗೆ ಎರಚಿ ಹೋಯಿತು.
"ಯಾರಂತ ತಿಳಿದೀಯೋ ನನ್ನ?"
ಅಚ್ಚ ಗದಗಿನ ಕನ್ನಡದಲ್ಲಿ ಕೂಗಿದೆ.
ಬೇಲಿಯ ಮೇಲಿನ ಬೆಕ್ಕು ತಿರುಗಿ ನೋಡಿತು.
ಅದಕ್ಕೂ ಗೊತ್ತಿರಲಿಲ್ಲ.

ಆಮೇಲೆ ಒಂದು ತಿಂಗಳು ಸಣ್ಣಗಾದೆ.
ಊಟಕ್ಕೆ ಕೂತರೂ ಅದೇ ರಾಗ:
ನಂದೇನದ ಬಿಡು, ನಾ ಯಾರಂತ, ಎಲ್ಲಾ ಆ ಕೋಲಿನ ಮಹಿಮಾ.
ಎರಡನೇ ರೊಟ್ಟಿ ಕೇಳದೆ ಎದ್ದೆ, ಕರೆದರೆ ತಡವಾಗಿ ಓಗೊಟ್ಟೆ.
ಚಂಪಾ ಸೂಲಗಿತ್ತಿ, ಆಸ್ಪತ್ರೆಯಲ್ಲಿ ರಾತ್ರಿಪಾಳಿ,
ನಿಜವಾದ ನೋವಿನ ಕೂಗು ಕೇಳಿ ಬಂದವಳು.
ಸೌಟು ಕೆಳಗಿಟ್ಟಳು.
"ಅಕ್ಕಾ, ಏನೂ ಅಲ್ಲ ಅನ್ನೂದನ್ನೂ
ಓಣಿಗೆಲ್ಲ ಕೇಳೂ ಹಂಗ ಅಂತೀಯಲ್ಲ!
ಮೊದಲ ಕುರ್ಚಿ ಮ್ಯಾಲ ಕೂತಿದ್ದಿ, ಈಗ ಕುರ್ಚಿ ಕೆಳಗ.
ಕುರ್ಚಿ ಬಿಟ್ಟು ಎಲ್ಲಿ ಹೋದಿ?"
ಎರಡು ದಿನ ಮಾತು ಬಿಟ್ಟೆ.
ಅವಳು ಗಮನಿಸಲಿಲ್ಲ,
ಅಥವಾ ಗಮನಿಸಿ ಮಲಗಿದಳು.

ಜನವರಿ. ಕಣಿವೆಯಿಂದೆದ್ದ ಮಂಜು
ಚರ್ಚಿನ ಗೋಪುರವನ್ನು ಅರ್ಧ ನುಂಗಿತ್ತು.
ನಾಲ್ಕು ಮಕ್ಕಳು ರಸ್ತೆಯ ನಡುವೆ.
ಎಲ್ಸಿಯ ಕೈಗವಸು ಬಿತ್ತು, ಎಲ್ಸಿ ಬಗ್ಗಿದಳು.
ಇಳಿಜಾರಿನ ಮೇಲೆ ಲಾರಿಯ ಎರಡು ಕಣ್ಣು.
ಬ್ರೇಕಿನ ಕಿರುಚು, ಸುಟ್ಟ ರಬ್ಬರಿನ ವಾಸನೆ.
ಆಗ ಹಿತ್ತಾಳೆಯ ಹೆಸರಿಲ್ಲ, ಸೀರೆಯ ಕೆಸರಿಲ್ಲ;
ಎರಡು ಕಾಲಿದ್ದವು, ಅರವತ್ತಾರು ವರ್ಷದವು,
ಹಿಂದೆ ಸರಿಯಲಿಲ್ಲ.
ಒಂದು ಮೊಳ ದೂರದಲ್ಲಿ ಲಾರಿ
ಎಮ್ಮೆಯಂತೆ ಬಿಸಿಯುಸಿರು ಬಿಡುತ್ತಿತ್ತು.
ಎಲ್ಸಿ ಕೈಗವಸು ಕೊಡವಿ,
ಒಂದೊಂದೇ ಬೆರಳು ತೂರಿಸಿಕೊಂಡು, ನಡೆದಳು.

ರಾತ್ರಿ ಡೈರಿಯಲ್ಲಿ ಬರೆದೆ:
ಮಂಜು. ನಿಂತೆ. ಎಲ್ಲರೂ ದಾಟಿದರು.

ಇಪ್ಪತ್ತೆಂಟು ವರ್ಷ ಕಾಗುಣಿತ ಕಲಿಸಿದವಳಿಗೆ
ಆಗ ಕಣ್ಣಿಗೆ ಬಿತ್ತು.
ನಾನು ಎಂದು ಬರೆದರೆ ಕೊನೆಯ ನಕಾರಕ್ಕೆ ಕೊಂಬು.
ನಿಂತೆ ಅಂದರೆ ಕೊಂಬಿಲ್ಲ.
ಆದರೂ ನಿಂತವಳು ಅಲ್ಲೇ ಇದ್ದಾಳೆ,
ತಕಾರದ ನೆತ್ತಿಯ ಮೇಲಿನ ಎತ್ವದಲ್ಲಿ,
ಉಬ್ಬದೆ, ಮುದುರದೆ,
ಕ್ರಿಯಾಪದ ಒಳಗೆ ಬಂದ ಮೇಲೆ
ಕೊನೆಗೆ ಬಂದು ಬಾಗಿಲು ಹಾಕಿದವಳಂತೆ.
ಪುಸ್ತಕದ ಕನ್ನಡದಲ್ಲಿ
ನೀನು ನಿಂತೆ ಅಂದರೂ ಅದೇ ಎತ್ವ.
ಇಬ್ಬರಿಗೂ ಸಾಲುವಷ್ಟು ಜಾಗ.

ಚಂಪಾ ಬಾಗಿಲಲ್ಲಿ: "ಚಾ ಬೇಕೇನು?"
ಬೇಕು, ಅಂದೆ, ಕೂಡಲೇ.
ಬೇಕುವಿಗೂ ಒಂದು ಕೊಂಬಿದೆ.
ಇರಲಿ.
ಹಸುವಿಗೂ ಇರುತ್ತದಲ್ಲ.